ಊರನ್ನು ತೂಗುವ ಬಗೆ

ಮನುಷ್ಯನು ಒಂದು ಊರನ್ನು ಬಿಟ್ಟು ಇನ್ನೊಂದು ಊರಿಗೆ ಹೋಗಿ ನೆಲಸುವುದು ಹೊಸ ಸಂಗತಿಯೇನೂ ಅಲ್ಲ. ಬರಗಾಲಕ್ಕೆ ಅಂಜಿ ಹೋದವರುಂಟು. ಯುದ್ಧಕ್ಕೆ ಬೆದರಿ ಓಡಿದವರುಂಟು. ಹೊಟ್ಟೆಯ ಪಾಡಿಗಾಗಿ ಹಡಗು ಹತ್ತಿದವರುಂಟು. ಅವರಿಗೆ ಊರನ್ನು ತೂಗಿ ನೋಡುವ ಅವಕಾಶವಿರಲಿಲ್ಲ. ಯಾವ ಊರು ಬಾಗಿಲು ತೆರೆಯಿತೋ ಅದೇ ಅವರ ಊರು. ಆದರೆ ಈಚಿನ ದಿನಗಳಲ್ಲಿ ಇನ್ನೊಂದು ಬಗೆಯ ವಲಸೆ ಕಾಣಬರುತ್ತಿದೆ. ಉಣ್ಣಲು ಉಡಲು ಸಾಕಷ್ಟಿದ್ದು, ಇರುವ ಸ್ಥಳದಲ್ಲಿ ಯಾವ ಭಯವೂ ಇಲ್ಲದೆ, 'ಇದಕ್ಕಿಂತ ಚೆನ್ನಾಗಿ ಬಾಳಬಹುದಾದ ಊರು ಯಾವುದು?' ಎಂದು ಭೂಪಟವನ್ನು ಮುಂದಿಟ್ಟುಕೊಂಡು ಯೋಚಿಸುವವರ ವಲಸೆ ಅದು. ಹವೆ ಹೇಗೆ, ಬಾಡಿಗೆ ಎಷ್ಟು, ವೈದ್ಯರು ಸಮೀಪದಲ್ಲಿದ್ದಾರೆಯೆ, ಅಂಗಡಿಗೆ ಕಾಲ್ನಡೆಯಲ್ಲಿ ಹೋಗಿಬರಬಹುದೆ ಎಂದು ಪಟ್ಟಿ ಮಾಡಿ ಇವರು ಒಂದೊಂದು ಊರಿಗೂ ಅಂಕ ಕೊಡುತ್ತಾರೆ. ಹೀಗೆ ತೂಗುವುದು ತಪ್ಪೆಂದು ನಾನು ಹೇಳಲಾರೆನು, ನಾನೂ ತೂಗಿದವನೇ. ಆದರೆ ತಕ್ಕಡಿಗೆ ಎರಡು ತಟ್ಟೆಗಳುಂಟೆಂಬುದನ್ನು ನಾನು ಬಹಳ ತಡವಾಗಿ ಗಮನಿಸಿದೆನು. ಅದು ಹೇಗಾಯಿತೆಂಬುದನ್ನೂ ಅದರಿಂದ ಹುಟ್ಟಿದ ಪ್ರಶ್ನೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಒಬ್ಬಳೇ ಮಗಳು ಕೆಲವು ವರ್ಷಗಳಿಂದ ಪೋರ್ಚುಗಲ್ ದೇಶದ ರಾಜಧಾನಿಯಾದ ಲಿಸ್ಬನ್ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ನಾನು ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ, "ಇನ್ನು ಮಂಗಳೂರಿನಲ್ಲಿ ನಿಮಗೇನಿದೆ ಅಪ್ಪ? ಅಮ್ಮನನ್ನು ಕರೆದುಕೊಂಡು ಇಲ್ಲಿಗೇ ಬಂದುಬಿಡಿ" ಎಂದು ಆಕೆ ಒತ್ತಾಯಿಸತೊಡಗಿದಳು. ದುಡಿಮೆಯಿಲ್ಲದೆಯೇ ಬರುವ ನಿವೃತ್ತಿವೇತನ, ಬಾಡಿಗೆ ಮೊದಲಾದ ವರಮಾನವುಳ್ಳ ಪರದೇಶಿಗಳಿಗೆ ಆ ದೇಶವು ವಾಸಕ್ಕೆ ಅನುಮತಿ ಕೊಡುತ್ತದೆ. ಆದುದರಿಂದ ದಾರಿ ಮುಚ್ಚಿರಲಿಲ್ಲ. ಕಾಣದ ಊರಿಗೆ ಗಂಟುಮೂಟೆ ಕಟ್ಟುವುದು ವಿವೇಕವಲ್ಲವೆಂದು ನಾವು ೨೦೨೫ನೆಯ ಇಸವಿಯ ಜನವರಿ ಫೆಬ್ರವರಿಗಳಲ್ಲಿ ಆರು ವಾರಗಳ ಕಾಲ ಅಲ್ಲಿದ್ದು ನೋಡಿದೆವು. ಪ್ರವಾಸಿಗಳಂತೆ ನೋಡಬಾರದು, ದಿನವಹಿಯ ಬಾಳಿಗೆ ಆ ಊರು ಹೇಗೆ ಒಗ್ಗುವುದೆಂದು ನೋಡಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು.

ಲಿಸ್ಬನ್ನು ಟೇಗಸ್ ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವ ಸ್ಥಳದ ಸಮೀಪದಲ್ಲಿ, ನದಿಯ ಉತ್ತರದ ದಡದ ಮೇಲೆ, ಗುಡ್ಡಗಳ ಮೇಲೂ ಕಣಿವೆಗಳಲ್ಲೂ ಹರಡಿಕೊಂಡಿರುವ ಊರು. ಏಳು ಗುಡ್ಡಗಳ ನಗರವೆಂದು ಅದಕ್ಕೆ ಹಳೆಯ ಹೆಸರು. ಕೆಳಗೆ ಬೈಶ ಎಂಬ ಸಮತಟ್ಟಾದ ಪೇಟೆ. ಪೂರ್ವಕ್ಕೆ ಸಂತ ಜಾರ್ಜನ ಹೆಸರಿನ ಕೋಟೆಯಿರುವ ಗುಡ್ಡ. ಅದರ ಮಗ್ಗುಲಲ್ಲಿ ಆಲ್ಫಾಮ ಎಂಬ ಅತಿ ಹಳೆಯ ಕೇರಿ. ಅದಕ್ಕೂ ಮೇಲೆ ಗ್ರಾಸ ಎಂಬ ದಿಣ್ಣೆ. ನಮ್ಮ ಮಗಳ ಮನೆ ಗ್ರಾಸದಲ್ಲಿ, ಏರುಮೆಟ್ಟಿಲಲ್ಲದೆ ಬೇರೆ ಸಾಧನವಿಲ್ಲದ ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿತ್ತು. ಆ ಊರಿನಲ್ಲಿ ದೂರವೆಂಬುದು ಕಡಮೆ, ಎತ್ತರವೆಂಬುದು ಹೆಚ್ಚು. ಭೂಪಟದಲ್ಲಿ ಕಾಲು ಗಂಟೆಯ ದಾರಿಯೆಂದು ಕಂಡದ್ದು ಕಾಲಿಗೆ ಬೇರೆಯೇ ಲೆಕ್ಕ ಹೇಳುವುದು.

ಮೊದಲು ಅಲ್ಲಿಯ ಸುಖವನ್ನು ಹೇಳುತ್ತೇನೆ. ರೊಟ್ಟಿಯಂಗಡಿ, ಹಣ್ಣಿನಂಗಡಿ, ಔಷಧದಂಗಡಿ ಎಲ್ಲವೂ ನಮ್ಮ ಬಾಗಿಲಿನಿಂದ ಇನ್ನೂರು ಹೆಜ್ಜೆಯ ಒಳಗೆ. ಗುಡ್ಡದ ನೆತ್ತಿಗಳಲ್ಲಿ 'ಮಿರಾದೋರು' ಎಂದು ಕರೆಯುವ ನೋಟದ ಕಟ್ಟೆಗಳುಂಟು. ಅಲ್ಲಿ ಮುದುಕರು ಬೆಂಚುಗಳ ಮೇಲೆ ಕುಳಿತು ಕೆಂಪು ಹೆಂಚಿನ ಮಾಡುಗಳನ್ನೂ ಆಚೆ ಹೊಳೆಯುವ ನದಿಯನ್ನೂ ನೋಡುತ್ತ ಸಂಜೆಯನ್ನು ಕಳೆಯುತ್ತಾರೆ. ಆರು ವಾರಗಳಲ್ಲಿ ನಾವು ಕಾರು ಹತ್ತಿದ್ದು ಎರಡೇ ಸಲ. ನಿದ್ರೆ ಚೆನ್ನಾಗಿ ಬಂದಿತು. ನನ್ನ ಹೆಂಡತಿಯ ಮಂಡಿನೋವು ಹೆಚ್ಚುವುದೆಂದು ಹೆದರಿದ್ದೆವು; ಮೊದಲ ವಾರ ಹೆಚ್ಚಿದ್ದೂ ನಿಜ; ಮೂರನೆಯ ವಾರಕ್ಕೆ ಅದು ಮೊದಲಿಗಿಂತ ಕಡಮೆಯಾಯಿತು. ಇನ್ನೊಂದು ವಿನೋದವೂ ಉಂಟು. ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದು ವ್ಯಾಪಾರವನ್ನೂ ಯುದ್ಧವನ್ನೂ ಮಾಡಿ ಹೋದ ಮೇಲೆ ಅವರ ಕೆಲವು ಮಾತುಗಳು ನಮ್ಮಲ್ಲಿ ಉಳಿದುಕೊಂಡಿವೆಯಷ್ಟೆ. ಚಾವಿ, ಬಾಲ್ದಿ, ಅಲಮಾರು, ಬಟಾಟೆ ಇವೆಲ್ಲ ಅವರು ಬಿಟ್ಟುಹೋದ ಮಾತುಗಳು. ಹೀಗಾಗಿ ಮನೆಯೊಳಗಿನ ಎಷ್ಟೋ ವಸ್ತುಗಳ ಹೆಸರು ನಮಗೆ ಮೊದಲೇ ಗೊತ್ತಿತ್ತು. ಮನೆಯ ಹೊರಗಿನ ಮನುಷ್ಯರ ಹೆಸರು ಮಾತ್ರ ಒಂದೂ ಗೊತ್ತಿರಲಿಲ್ಲ.

ಇನ್ನು ಕಷ್ಟ. ಆ ಊರಿನ ಕಾಲುದಾರಿಗಳಿಗೆ ಬಿಳಿ ಕಪ್ಪು ಸುಣ್ಣಕಲ್ಲಿನ ಸಣ್ಣ ತುಂಡುಗಳನ್ನು ಕೈಯಿಂದ ಜೋಡಿಸಿ ಹಾಸಿರುತ್ತಾರೆ. ೧೮೪೦ರ ದಶಕದಿಂದ ಬೆಳೆದುಬಂದ ಈ ಕಲೆ ನೋಡಲು ಬಹು ಸುಂದರ. ಆದರೆ ಶತಮಾನದ ಕಾಲ ಪಾದಗಳಿಂದ ನಯವಾದ ಆ ಕಲ್ಲು ಮಳೆ ಬಿದ್ದಾಗ ಎಣ್ಣೆ ಸವರಿದಂತೆ ಜಾರುತ್ತದೆ. ಮಳೆ ಬೀಳುವುದೂ ಚಳಿಗಾಲದಲ್ಲಿಯೇ. ಹಳೆಯ ಮನೆಗಳಲ್ಲಿ ಬೆಚ್ಚಗೆ ಮಾಡುವ ಏರ್ಪಾಡಿಲ್ಲ. ಗೋಡೆಗಳು ತೇವವನ್ನು ಹಿಡಿದುಕೊಂಡು ಹೊರಗಿಗಿಂತ ಒಳಗೇ ಹೆಚ್ಚು ಚಳಿಯೆನಿಸುತ್ತದೆ. ಏರನ್ನು ಹತ್ತಲಾರದವರಿಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಗ್ಗದಿಂದ ಎಳೆಯುವ ಗಾಡಿಗಳನ್ನು ಕಟ್ಟಿದರು. ಲಾವ್ರ ಎಂಬುದು ೧೮೮೪ರಲ್ಲಿ, ಗ್ಲೋರಿಯ ೧೮೮೫ರಲ್ಲಿ, ಬೀಕ ೧೮೯೨ರಲ್ಲಿ ಆರಂಭವಾದುವು. ೧೯೦೨ರಲ್ಲಿ ಪೇಟೆಯ ನಡುವೆ ೪೫ ಮೀಟರು ಎತ್ತರದ ಕಬ್ಬಿಣದ ಏರುಯಂತ್ರವನ್ನೂ ನಿಲ್ಲಿಸಿದರು. ಆ ಗಾಡಿಗಳ ರಚನೆ ಗಮನಿಸತಕ್ಕದ್ದು. ಒಂದೇ ಉಕ್ಕಿನ ಹಗ್ಗದ ಎರಡು ತುದಿಗಳಿಗೆ ಎರಡು ಗಾಡಿಗಳನ್ನು ಕಟ್ಟಿರುತ್ತಾರೆ. ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿಯುತ್ತದೆ. ಒಂದರ ಭಾರವೇ ಇನ್ನೊಂದಕ್ಕೆ ಸಹಾಯ. ನಾವು ಗ್ಲೋರಿಯದಲ್ಲಿ ಎರಡು ಸಲ ಕುಳಿತಿದ್ದೆವು. ನಾವು ಹಿಂದಿರುಗಿದ ಮೇಲೆ, ಅದೇ ವರ್ಷದ ಸೆಪ್ಟೆಂಬರ್ ೩ರಂದು, ಆ ಹಗ್ಗ ಕಳಚಿ ಗಾಡಿಯು ಇಳಿಜಾರಿನಲ್ಲಿ ಉರುಳಿ, ಅದನ್ನು ನಡೆಸುತ್ತಿದ್ದವನೂ ಸೇರಿ ೧೬ ಮಂದಿ ತೀರಿಕೊಂಡರು. ಆ ಸುದ್ದಿಯನ್ನು ಓದಿದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ನಾವು ಸೌಕರ್ಯವೆಂದು ಪಟ್ಟಿಯಲ್ಲಿ ಬರೆದುಕೊಂಡಿದ್ದುದು ವಸ್ತುತಃ ಒಂದು ಹಗ್ಗವೂ ಅದನ್ನು ದಿನದಿನವೂ ಪರೀಕ್ಷಿಸುವ ಕೆಲವರ ಎಚ್ಚರಿಕೆಯೂ ಆಗಿತ್ತು.

ಊರನ್ನು ಆರಿಸಿಕೊಳ್ಳುವುದು ಧರ್ಮವಿಚಾರಕ್ಕೆ ಸೇರಿದ ವಿಷಯವೆ ಎಂದು ಯಾರಾದರೂ ಕೇಳಬಹುದು. ಲಿಸ್ಬನ್ನಿನ ವಿಷಯದಲ್ಲಿಯೇ ಈ ಚರ್ಚೆ ಒಮ್ಮೆ ಯೂರೋಪನ್ನೆಲ್ಲ ಕಲಕಿತ್ತು. ೧೭೫೫ನೆಯ ನವೆಂಬರ್ ೧ರ ಬೆಳಿಗ್ಗೆ, ಜನರು ಹಬ್ಬದ ಪೂಜೆಗೆ ದೇವಾಲಯಗಳಲ್ಲಿ ನೆರೆದಿದ್ದಾಗ, ಭೂಕಂಪವಾಯಿತು. ಅದರ ಹಿಂದೆ ಕಡಲುಕ್ಕಿ ಬಂದಿತು. ಅದರ ಹಿಂದೆ ಬೆಂಕಿ. ಮರುವರ್ಷ ವಾಲ್ಟೇರನು ಎಲ್ಲವೂ ಒಳಿತಿಗಾಗಿಯೇ ಎಂಬ ಸಿದ್ಧಾಂತವನ್ನು ಪ್ರಶ್ನಿಸಿ ಒಂದು ದೀರ್ಘ ಕವಿತೆಯನ್ನು ಪ್ರಕಟಿಸಿದನು. ಅದಕ್ಕೆ ರೂಸೋ ಬರೆದ ಪತ್ರವೊಂದುಂಟು. ಸಾವಿರಾರು ಮನೆಗಳನ್ನು ಆರು ಏಳು ಅಂತಸ್ತುಗಳಾಗಿ ಒಂದೆಡೆ ಒಟ್ಟಿದುದು ಪ್ರಕೃತಿಯಲ್ಲ, ಮನುಷ್ಯನೇ. ಬಟ್ಟೆಯನ್ನೋ ಕಾಗದಗಳನ್ನೋ ಹಣವನ್ನೋ ತರಲು ಹಿಂದಿರುಗಿ ಸತ್ತವರೂ ಎಷ್ಟೋ ಮಂದಿ ಎಂಬುದು ಅವನ ವಾದ. ದುಃಖದಲ್ಲಿದ್ದವರಿಗೆ ಅದು ಕಠಿನವಾದ ಮಾತು. ಆದರೂ ಅದರಲ್ಲಿ ಒಂದು ಸತ್ಯವಿದೆ: ನಾವು ಎಲ್ಲಿ ಹೇಗೆ ಒತ್ತಾಗಿ ವಾಸಿಸುತ್ತೇವೆಂಬುದು ಕೇವಲ ಅನುಕೂಲದ ಪ್ರಶ್ನೆಯಲ್ಲ, ಅದರ ಫಲವನ್ನು ಯಾರೋ ಉಣ್ಣುತ್ತಾರೆ. ಅದೇ ಭೂಕಂಪದ ವಿಷಯವಾಗಿ ೧೭೫೬ರಲ್ಲಿ ಮೂರು ಲೇಖನಗಳನ್ನು ಬರೆದ ಕಾಂಟನು ತನ್ನ ಹುಟ್ಟೂರಿನ ಪ್ರಾಂತವನ್ನು ಬಿಟ್ಟು ದೂರ ಹೋದವನೇ ಅಲ್ಲ. ಅವನು ದಿನವೂ ತಪ್ಪದೆ ನಡೆಯುತ್ತಿದ್ದುದು ತನ್ನ ಊರಿನ ಬೀದಿಗಳಲ್ಲಿಯೇ.

ಈಗ ಆ ಕಟ್ಟಡದ ಮೂರನೆಯ ಮಹಡಿಗೆ ಬರುತ್ತೇನೆ. ಅಲ್ಲಿ ಎಂಬತ್ತರ ಸಮೀಪದ ವಿಧವೆಯೊಬ್ಬರು ಒಂಟಿಯಾಗಿ ವಾಸಿಸುತ್ತಿದ್ದರು. ದಿನಕ್ಕೊಮ್ಮೆ ಕೆಳಗಿಳಿದು ಸಾಮಾನು ತಂದುಕೊಳ್ಳುವುದು ಅವರ ನಿಯಮ. ನಾವು ಹೋದ ಎರಡನೆಯ ದಿನ ಮಳೆಯಲ್ಲಿ ನಾನು ಜಾರಿ ಕುಳಿತುಬಿಟ್ಟಾಗ ಆಕೆ ಕೈಹಿಡಿದು ಎಬ್ಬಿಸಿ, ಮಾತಿಲ್ಲದೆ ಬರಿಯ ಸನ್ನೆಯಿಂದಲೇ, ಇಳಿಜಾರಿನಲ್ಲಿ ನೇರವಾಗಿ ನಡೆಯಬಾರದು, ಗೋಡೆಯ ಬದಿಗೆ ಅಡ್ಡಡ್ಡವಾಗಿ ಕಾಲಿಡಬೇಕು ಎಂದು ಕಲಿಸಿಕೊಟ್ಟರು. ಅಂದಿನಿಂದ ಅವರ ಸಾಮಾನಿನ ಚೀಲವನ್ನು ಮೇಲಕ್ಕೆ ತರುವುದು ನನ್ನ ಕೆಲಸವಾಯಿತು. ನನ್ನ ಹೆಂಡತಿ ಒಂದು ದಿನ ಚಿತ್ರಾನ್ನ ಮಾಡಿ ಕಳಿಸಿದಳು. ಅವರು ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸದೆ ಕಿತ್ತಳೆಗಳನ್ನು ತುಂಬಿ ಕೊಟ್ಟರು. ಬರಿಯ ಪಾತ್ರೆಯನ್ನು ಮರಳಿಸಬಾರದೆಂಬ ಮರ್ಯಾದೆ ಅಲ್ಲಿಯೂ ಉಂಟೆಂದು ಅವಳಿಗೆ ಬಹಳ ಸಂತೋಷವಾಯಿತು. ಆ ಊರಿನಲ್ಲಿ ನೆಲಸಬಹುದೆಂಬ ಧೈರ್ಯ ನಮಗೆ ಹುಟ್ಟಿದ್ದು ಆ ದಿನ. ನೋಟದ ಕಟ್ಟೆಯಾಗಲಿ ನದಿಯಾಗಲಿ ಅದನ್ನು ಕೊಟ್ಟಿರಲಿಲ್ಲ.

ಆಗಸ್ಟಿನಲ್ಲಿ ಮಗಳು ಸಂತೋಷದ ಸುದ್ದಿಯೆಂದು ದೂರವಾಣಿಯಲ್ಲಿ ತಿಳಿಸಿದಳು: "ಅಪ್ಪ, ನಿಮಗೆ ಮನೆ ಸಿಕ್ಕಿತು. ನಮ್ಮ ಕೆಳಗಿನ ಮನೆಯೇ ಖಾಲಿಯಾಗುತ್ತದಂತೆ. ಬಾಡಿಗೆ ಹೆಚ್ಚು, ಆದರೂ ಮೊದಲು ನಮ್ಮನ್ನೇ ಕೇಳಿದ್ದಾರೆ." ಆ ಮನೆ ಏಕೆ ಖಾಲಿಯಾಗುತ್ತದೆಂದು ಕೇಳಿದೆನು. ಕೆಲವು ಕ್ಷಣ ಸುಮ್ಮನಿದ್ದು, ಅವಧಿಯ ಕರಾರು ಮುಗಿಯಿತೆಂದೂ ಒಡೆಯರು ಮುಂದುವರಿಸಲು ಒಪ್ಪಲಿಲ್ಲವೆಂದೂ ಆ ಅಜ್ಜಿ ನದಿಯ ಆಚೆಯ ದಡದಲ್ಲಿ ತಂಗಿಯ ಮನೆಗೆ ಹೋಗುವರೆಂದೂ ಹೇಳಿದಳು.

ಇದು ಒಬ್ಬ ಒಡೆಯನ ದುರಾಶೆಯ ಕಥೆಯಷ್ಟೇ ಅಲ್ಲ. ೨೦೧೨ರಲ್ಲಿ ಆ ದೇಶವು ದೊಡ್ಡ ಸಾಲದ ಸಂಕಟದಲ್ಲಿದ್ದಾಗ ಬಾಡಿಗೆಯ ಕಾನೂನನ್ನು ಸಡಿಲಿಸಿತು. ಬಹು ಹಳೆಯ ಕರಾರುಗಳುಳ್ಳ ವೃದ್ಧರಿಗೆ ಸ್ವಲ್ಪ ರಕ್ಷಣೆ ಉಳಿಯಿತು. ಈಚಿನ ಕರಾರುಗಳವರಿಗೆ ಅದೂ ಇಲ್ಲ. ಅದೇ ವರ್ಷ, ಸಾಮಾನ್ಯವಾಗಿ ಐದು ಲಕ್ಷ ಯೂರೋಗಳ ಬೆಲೆಯ ಮನೆಯನ್ನು ಕೊಂಡ ಪರದೇಶಿಗಳಿಗೆ ವಾಸದ ಅನುಮತಿ ಕೊಡುವ ಏರ್ಪಾಡೂ ಬಂದಿತು. ೨೦೨೨ರಲ್ಲಿ ದೂರದೇಶದ ಉದ್ಯೋಗವನ್ನು ಅಲ್ಲಿಂದಲೇ ಮಾಡುವವರಿಗೆ ಬೇರೊಂದು ಅನುಮತಿ. ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಡುವ ಮನೆಗಳು ಹಳೆಯ ಕೇರಿಗಳಲ್ಲಿ ತುಂಬಿಕೊಂಡುವು. ಆಲ್ಫಾಮವನ್ನೊಳಗೊಂಡ ಹಳೆಯ ನಗರಭಾಗದ ಜನಸಂಖ್ಯೆ ೨೦೧೧ರ ಮತ್ತು ೨೦೨೧ರ ಜನಗಣತಿಗಳ ನಡುವೆ ಇಳಿದುಹೋಯಿತು. ೨೦೨೩ರಲ್ಲಿ ಜನರು ವಾಸದ ಮನೆಗಾಗಿ ಬೀದಿಗಿಳಿದು ಕೂಗಿದರು. ಮನೆ ಕೊಂಡು ಅನುಮತಿ ಪಡೆಯುವ ದಾರಿಯನ್ನು ಅದೇ ವರ್ಷ ಮುಚ್ಚಲಾಯಿತು. ಊರು ಕಷ್ಟದಲ್ಲಿತ್ತು, ಹಣ ಬೇಕಾಗಿತ್ತು, ಹಣ ಬಂದಿತು. ಹಣದ ಜೊತೆಗೆ ನಮ್ಮಂಥವರೂ ಬಂದರು. ಒಂದು ಗಾಡಿ ಮೇಲೇರಿತು.

ಈ ಸಂದರ್ಭದಲ್ಲಿ ಮನಸ್ಸು ಮುಂದಿಡುವ ಮೊದಲ ಸಮಾಧಾನವನ್ನು ಎಲ್ಲರೂ ಬಲ್ಲರು: 'ನಾವು ಹೋಗದಿದ್ದರೂ ಇನ್ನೊಬ್ಬರು ಬರುವರು, ಆಕೆಗೆ ಮನೆಯಂತೂ ಉಳಿಯದು.' ಈ ಮಾತನ್ನು ನಾನು ಹಲವು ದಿನ ತಿರುವಿ ನೋಡಿದೆನು. ಇದರಲ್ಲಿ ಸುಳ್ಳಿಲ್ಲ. ಆದರೆ ಇದು ಲೋಕದ ವಿಷಯವಾಗಿ ಹೇಳಿದ ಮಾತು. ನನ್ನ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಮದುವೆಯ ಮಂಟಪದಲ್ಲಿ ವರದಕ್ಷಿಣೆಗೆ ಕೈಯೊಡ್ಡುವವನೂ ಇದನ್ನೇ ಹೇಳುವನು. ಲಂಚ ಕೊಡುವವನೂ ಇದನ್ನೇ ಹೇಳುವನು. ನಾನು ಬಿಟ್ಟುದರಿಂದ ಕೆಟ್ಟದ್ದು ನಿಲ್ಲದೆ ಹೋದರೂ ಅದು ನನ್ನ ಕೈಯಿಂದ ಆಗಲಿಲ್ಲವೆಂಬುದಕ್ಕೆ ಬೆಲೆಯುಂಟೆ? ಉಂಟೆಂದೇ ನನಗೆ ತೋರುತ್ತದೆ. ಫಲವನ್ನು ಮಾತ್ರ ಎಣಿಸುವವನಿಗೆ ಆ ಬೆಲೆ ಕಾಣದು. ನನ್ನ ಹೆಂಡತಿ ಇಷ್ಟು ದೂರ ತರ್ಕ ಮಾಡಲಿಲ್ಲ. "ಆ ಅಮ್ಮನ ಗೋಡೆಯ ಮೊಳೆಗೆ ನಾನು ನಮ್ಮ ದೇವರ ಪಟ ಹೇಗೆ ಹಾಕಲಿ? ನೀವೇ ಹೇಳಿ" ಎಂದು ಒಂದೇ ಮಾತು ಕೇಳಿದಳು. ನಾನು ಹೇಳಲಾರದೆ ಹೋದೆನು.

ಆದರೆ ಇದರಿಂದ ಪರದೇಶಕ್ಕೆ ಹೋಗುವವರೆಲ್ಲರೂ ತಪ್ಪಿತಸ್ಥರೆಂಬ ತೀರ್ಮಾನಕ್ಕೆ ಬರುವುದು ದೊಡ್ಡ ಅನ್ಯಾಯವಾದೀತು. ಕೋಟೆಗುಡ್ಡದ ಇನ್ನೊಂದು ಮಗ್ಗುಲಲ್ಲಿರುವ ಮೊರಾರಿಯ ಎಂಬ ಕೇರಿಯಲ್ಲಿ ಬಂಗಾಳ, ನೇಪಾಳ, ಪಂಜಾಬುಗಳ ತರುಣರು ಅನೇಕರಿದ್ದಾರೆ. ಒಂದೊಂದು ಕೋಣೆಯಲ್ಲಿ ಹಲವರು ಮಲಗಿ, ಹೋಟೆಲುಗಳಲ್ಲಿ ಪಾತ್ರೆ ತೊಳೆದು, ಮನೆಬಾಗಿಲಿಗೆ ಊಟ ಹೊತ್ತು ಅವರು ಊರಿಗೆ ಹಣ ಕಳಿಸುತ್ತಾರೆ. ಅವರ ವಲಸೆಯನ್ನೂ ನನ್ನ ವಲಸೆಯನ್ನೂ ಒಂದೇ ಮಾತಿನಿಂದ ಕರೆಯುವುದು ಭಾಷೆಯ ಬಡತನ. ಪೋರ್ಚುಗೀಸರೇ ೧೯೬೦ರ ದಶಕದಲ್ಲಿ ಬಡತನಕ್ಕೂ ಆಫ್ರಿಕದ ಯುದ್ಧಗಳಿಗೂ ಅಂಜಿ ಲಕ್ಷಗಟ್ಟಲೆಯಾಗಿ ಫ್ರಾನ್ಸಿಗೆ ಹೋದರು. ಆವಶ್ಯಕತೆಯಿಂದ ಹೋಗುವವನಿಗೆ ಜಗತ್ತು ಜಾಗ ಕೊಡಲೇಬೇಕು. ಆಯ್ಕೆಯಿಂದ ಹೋಗುವವನು ಮಾತ್ರ ತನ್ನ ಆಯ್ಕೆಯ ಲೆಕ್ಕವನ್ನು ಒಪ್ಪಿಸಬೇಕು. ನಾನು ಎರಡನೆಯ ಗುಂಪಿನವನು.

ಆ ಲೆಕ್ಕವನ್ನು ಒಪ್ಪಿಸುವಾಗ ನನಗೆ ಇನ್ನೊಂದು ನಾಚಿಕೆಯೂ ಎದುರಾಯಿತು. ನಾನು ಲಿಸ್ಬನ್ನಿನಲ್ಲಿ ಮೆಚ್ಚಿಕೊಂಡುದೇನು? ಗುಡ್ಡದ ಊರು, ಹೆಂಚಿನ ಮಾಡುಗಳು, ಆಚೆ ಕಡಲಿಗೆ ಸೇರುವ ನದಿ, ಕಾಲ್ನಡೆಯ ಬಾಳು. ಮಂಗಳೂರೂ ಗುಡ್ಡದ ಊರೇ ಅಲ್ಲವೆ? ನಮ್ಮ ಬಾವುಟಗುಡ್ಡೆಯಿಂದ ಪಶ್ಚಿಮಕ್ಕೆ ನೋಡಿದರೆ ಕಡಲು ಕಾಣದೆ? ನಾನು ಹುಡುಗನಾಗಿದ್ದಾಗ ಆ ಗುಡ್ಡದಿಂದ ಹಂಪನಕಟ್ಟೆಗೆ ಇಳಿದು ತರಕಾರಿ ತರುತ್ತಿದ್ದೆನು. ದಾರಿಯಲ್ಲಿ ಕಡಮೆಯೆಂದರೆ ಹತ್ತು ಮಂದಿ ಮಾತಾಡಿಸುತ್ತಿದ್ದರು. ಆಮೇಲೆ ಸ್ಕೂಟರು ಬಂದಿತು, ಕಾರು ಬಂದಿತು, ಸಾಮಾನನ್ನು ಬಾಗಿಲಿಗೆ ತಂದುಕೊಡುವ ಹುಡುಗರು ಬಂದರು. ರಸ್ತೆ ಅಗಲವಾಯಿತು, ಕಾಲುದಾರಿ ಕಾಣೆಯಾಯಿತು. ಇದಕ್ಕೆ ನಗರದ ಆಡಳಿತವನ್ನು ದೂರುವುದು ಸುಲಭ. ದೂರಿಗೆ ಕಾರಣವೂ ಉಂಟು. ಆದರೆ ನಡೆಯುವುದನ್ನು ನಿಲ್ಲಿಸಿದವರಲ್ಲಿ ನಾನೂ ಒಬ್ಬನು. ಕೆಳಮನೆಯ ವೃದ್ಧರೊಬ್ಬರು ಕಳೆದ ಮಳೆಗಾಲದಲ್ಲಿ ಬಿದ್ದು ಸೊಂಟ ಮುರಿದುಕೊಂಡದ್ದು ನನಗೆ ತಿಳಿದದ್ದು ಒಂದು ತಿಂಗಳ ಮೇಲೆ. ಎಂಟು ಸಾವಿರ ಕಿಲೋಮೀಟರು ದೂರದ ಅಜ್ಜಿಯ ಚೀಲವನ್ನು ಹೊತ್ತವನು ಎಂಬತ್ತು ಹೆಜ್ಜೆ ದೂರದ ಮನೆಗೆ ಹೋಗಿರಲಿಲ್ಲ. ಹಾಗಾದರೆ ನಾನು ಅರಸಿ ಹೊರಟಿದ್ದುದು ಒಳ್ಳೆಯ ಊರನ್ನೋ, ನಾನೇ ಬಿಟ್ಟುಕೊಟ್ಟ ಒಂದು ಅಭ್ಯಾಸವನ್ನೋ?

ಊರೆಂಬುದು ಕಲ್ಲು, ಗುಡ್ಡ, ಹವೆಗಳಿಂದ ಮಾತ್ರ ಆದುದಲ್ಲ. ಒಂದು ಬೀದಿ ನಡೆಯಲು ಹಿತವಾಗಿರುವುದು ಅಲ್ಲಿ ಬಹುಕಾಲದಿಂದ ನಡೆದವರು ಇರುವುದರಿಂದ: ಯಾವ ಕಲ್ಲು ಜಾರುತ್ತದೆಂದು ಬಲ್ಲವರು, ಕಿಟಕಿಯಿಂದ ನೋಡಿ ಕೈಬೀಸುವವರು, ಅಂಗಡಿಯಲ್ಲಿ ಹೆಸರು ಹಿಡಿದು ಕೂಗುವವರು. ಆ ಹಿತಕ್ಕೆ ಬೆಲೆ ಕಟ್ಟಿ ಕೊಳ್ಳಬಂದವನು, ಅದನ್ನು ಉಂಟುಮಾಡಿದವರನ್ನೇ ಹೊರಗೆ ಕಳುಹಿಸಿ ಬರಿಯ ಕಲ್ಲನ್ನು ಕೊಂಡಂತಾಗುತ್ತದೆ. ಆದುದರಿಂದ ಊರನ್ನು ತೂಗುವವನು ಒಂದು ತಟ್ಟೆಯಲ್ಲಿ ತನಗೆ ಸಿಕ್ಕುವುದನ್ನು ಇಟ್ಟ ಮೇಲೆ ಇನ್ನೊಂದು ತಟ್ಟೆಯಲ್ಲಿ ಇವನ್ನೂ ಇಡಬೇಕೆಂದು ನನ್ನ ಭಾವನೆ. ನಾನು ಬರುವುದರಿಂದ ಯಾರು ಏಳಬೇಕಾಗುತ್ತದೆ? ಅಲ್ಲಿಯ ಮಾತನ್ನು ಕಲಿತು ಅಲ್ಲಿಯ ಕಷ್ಟಕ್ಕೆ ಹೆಗಲು ಕೊಡುವಷ್ಟು ಆಯುಸ್ಸೂ ಮನಸ್ಸೂ ನನ್ನಲ್ಲಿವೆಯೆ? ಬಿಟ್ಟುಹೋಗುವ ಊರಿನ ಋಣದಲ್ಲಿ ತೀರಿಸದೆ ಉಳಿದದ್ದು ಎಷ್ಟು? ಈ ಮೂರಕ್ಕೂ ಉತ್ತರ ಹೇಳಬಲ್ಲವನು ಧಾರಾಳವಾಗಿ ಹೋಗಲಿ. ಅಂಥವನು ಯಾವ ಊರಿಗೂ ಭಾರವಾಗಲಾರನು. ನನಗೆ ಮೊದಲನೆಯದಕ್ಕೆ ಉತ್ತರ ಗೊತ್ತಿತ್ತು. ಉಳಿದೆರಡಕ್ಕೆ ಧೈರ್ಯ ಸಾಲಲಿಲ್ಲ.

ಆ ಮನೆ ಬೇಡವೆಂದೂ, ವರ್ಷಕ್ಕೊಮ್ಮೆ ಒಂದೆರಡು ತಿಂಗಳು ಅವಳ ಮನೆಯಲ್ಲಿಯೇ ಅತಿಥಿಗಳಾಗಿ ಇರುವೆವೆಂದೂ ಮಗಳಿಗೆ ಪತ್ರ ಬರೆದೆನು. ಮುದುಕರನ್ನು ಹತ್ತಿರ ಇಟ್ಟುಕೊಳ್ಳಬೇಕೆಂಬ ಅವಳ ಆಸೆಯನ್ನು ಮುರಿಯುವುದು ಸುಲಭವಾಗಿರಲಿಲ್ಲ. ಪತ್ರವನ್ನು ಮೂರು ಸಲ ಹರಿದು ಬರೆದೆನು. ಹತ್ತು ದಿನ ಅವಳು ಮಾತಾಡಲಿಲ್ಲ. ಆಮೇಲೆ ಬಂದ ಉತ್ತರದಲ್ಲಿ ಕೋಪವಿರಲಿಲ್ಲ, ಪ್ರಶ್ನೆಯಿತ್ತು. "ನೀವು ಬರೆದದ್ದು ಸರಿ ಅಪ್ಪ. ಆದರೆ ನಾನು ಈಗ ಇರುವ ಮನೆಯಲ್ಲಿ ನನಗಿಂತ ಮೊದಲು ಯಾರಿದ್ದರು, ಅವರು ಎಲ್ಲಿಗೆ ಹೋದರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನೀವೂ ಕೇಳಲಿಲ್ಲ. ನನ್ನದು ಹೊಟ್ಟೆಯ ಪಾಡೋ, ಆಯ್ಕೆಯೋ? ನೀವು ಯಾವ ಗುಂಪಿಗೆ ನನ್ನನ್ನು ಸೇರಿಸುತ್ತೀರಿ?"

ಆ ಅಜ್ಜಿ ವರ್ಷದ ಕೊನೆಯವರೆಗೆ ಅಲ್ಲಿಯೇ ಇದ್ದರೆಂದೂ ಅಷ್ಟು ದಿನವೂ ಅವರ ಚೀಲವನ್ನು ತಾನೇ ಮೇಲಕ್ಕೆ ತರುತ್ತಿದ್ದೆನೆಂದೂ ಅವಳು ಆಮೇಲೆ ತಿಳಿಸಿದಳು. ನಾನು ಈಗ ಬೆಳಿಗ್ಗೆ ಬಾವುಟಗುಡ್ಡೆಯಿಂದ ಇಳಿದು ತರಕಾರಿ ತರುತ್ತೇನೆ. ಬರುವಾಗ ಕೆಳಮನೆಯವರ ಬಳಿ ಸ್ವಲ್ಪ ಹೊತ್ತು ಕೂರುತ್ತೇನೆ. ಮಗಳ ಪ್ರಶ್ನೆಗೆ ಉತ್ತರವನ್ನು ಇನ್ನೂ ಬರೆದಿಲ್ಲ.